ಅಂಡಮಾನ್: ಅವಸರವಿಲ್ಲದವರಿಗೆ ಅಗ್ಗ

ಕೆಂಪು ಛಾಯೆಯ ಹಳೆಯ ಇಪ್ಪತ್ತು ರೂಪಾಯಿ ನೋಟು ಈಗಲೂ ಅಲ್ಲೊಂದು ಇಲ್ಲೊಂದು ಕೈಗೆ ಸಿಗುತ್ತದೆ. ಅದರ ಹಿಂಬದಿಯಲ್ಲಿ ಮರಗಳ ನಡುವಿನಿಂದ ಕಾಣುವ ಒಂದು ಕಡಲ ಕೊಲ್ಲಿಯಿದೆ. ಸೊಪ್ಪು-ತರಕಾರಿಯವರಿಗೆ ಎಣಿಸಿ ಕೊಟ್ಟ ಎಷ್ಟೋ ಮಂದಿ ಆ ಚಿತ್ರ ಯಾವುದೆಂದು ತಿರುಗಿಸಿ ನೋಡಿರಲಾರರು. ಅದು ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್ ಎದುರಿನ ಮೌಂಟ್ ಹ್ಯಾರಿಯೆಟ್ ಬೆಟ್ಟದ ಹಾದಿಯಿಂದ ಕಾಣುವ ನೋಟ. ಆಚೆಯ ಚಾಚಿನಲ್ಲಿರುವುದು ನಾರ್ತ್ ಬೇ ದೀಪಸ್ತಂಭ. ಊರಿನ ಚಾಥಮ್ ಜೆಟ್ಟಿಯಿಂದ ಬ್ಯಾಂಬೂ ಫ್ಲಾಟ್ ಎಂಬಲ್ಲಿಗೆ ದಿನವೂ ಶಾಲೆ-ಕಚೇರಿಗೆ ಹೋಗಿಬರುವವರ ಜೊತೆ ಸರ್ಕಾರಿ ಫೆರ್ರಿಯಲ್ಲಿ ದಾಟಿ, ಅಲ್ಲಿಂದ ಬೆಟ್ಟದ ರಸ್ತೆ ಹಿಡಿದರೆ ನೋಟಿನ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಫೆರ್ರಿಯ ಟಿಕೆಟ್ಟಿಗೆ ತಗಲುವುದು ಪುಡಿಗಾಸು. ಪ್ಯಾಕೇಜ್ ಪ್ರವಾಸದಲ್ಲಿ ಹೋದವರು ಇದೇ ಜಾಗಕ್ಕೆ ಟ್ಯಾಕ್ಸಿಯಲ್ಲಿ ಸುತ್ತಿ ಬಂದು, ಹತ್ತು ನಿಮಿಷ ನಿಂತು, ಫೋಟೋ ತೆಗೆದುಕೊಂಡು ಇಳಿಯುತ್ತಾರೆ.

ಹೆಸರುಗಳ ವಿಚಾರವನ್ನು ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ಟಿಕೆಟ್ ಕೊಳ್ಳುವಾಗ ಗೊಂದಲವಾಗುತ್ತದೆ. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಆಯಿತು. ಅದಕ್ಕೂ ಮೊದಲು, 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರು ಬಂತು. ಮೌಂಟ್ ಹ್ಯಾರಿಯೆಟ್ ಕೂಡ 2021ರಿಂದ ಮೌಂಟ್ ಮಣಿಪುರ. ಬ್ರಿಟಿಷರ ವಿರುದ್ಧ 1891ರಲ್ಲಿ ಯುದ್ಧ ಮಾಡಿ ಸೋತ ಮಣಿಪುರದ ಅರಸುಮನೆತನದವರನ್ನು ಸೆರೆಯಿಟ್ಟದ್ದು ಇಲ್ಲಿ. ಹ್ಯಾವ್‌ಲಾಕ್ ಮತ್ತು ನೀಲ್ ಎಂಬಿಬ್ಬರು 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾಧಿಕಾರಿಗಳು. ಆ ಹೆಸರುಗಳು ಅಷ್ಟು ಕಾಲ ಉಳಿದದ್ದೇ ಸೋಜಿಗ. ಆದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತವೆ. ಹಾಗಾಗಿ ಇಲ್ಲಿಯೂ ಅವೇ.

ಅಂಡಮಾನ್ ಎಂದೊಡನೆ ಮಧ್ಯಮ ವರ್ಗದ ಮನೆಗಳಲ್ಲಿ ಮೊದಲು ಬರುವ ಮಾತು 'ಅದು ನಮ್ಮಂಥವರಿಗಲ್ಲ' ಎಂಬುದು. ಮಧುಚಂದ್ರಕ್ಕೆ ಹೋಗುವವರ ಊರು, ಕಂಪನಿ ಖರ್ಚಿನಲ್ಲಿ ಹೋಗುವವರ ಊರು ಎಂಬ ಹೆಸರು ಅದಕ್ಕೆ ಅಂಟಿದೆ. ನಾಲ್ಕು ರಾತ್ರಿ, ಮೂರು ದ್ವೀಪ, ಎಲ್ಲ ಸೇರಿ ಇಷ್ಟು ಎಂಬ ಜಾಹೀರಾತನ್ನು ಓದಿದ ಮೇಲೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಹಣ ಎಲ್ಲಿ ಹೋಗುತ್ತದೆಂಬುದು ತಿಳಿಯುತ್ತದೆ. ಸಮುದ್ರಕ್ಕೆ ಟಿಕೆಟ್ಟಿಲ್ಲ, ಮರಳಿಗೆ ಟಿಕೆಟ್ಟಿಲ್ಲ, ಇಳಿತದಲ್ಲಿ ತೆರೆದುಕೊಳ್ಳುವ ಬಂಡೆಗಳಿಗೂ ಇಲ್ಲ. ಖರ್ಚಾಗುವುದು ವೇಗಕ್ಕೆ. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ಮತ್ತೆ ಪೋರ್ಟ್ ಬ್ಲೇರ್ ಎಂದರೆ ಮೂರು ಹಾದಿ. ನಾಲ್ವರ ಕುಟುಂಬಕ್ಕೆ ಹನ್ನೆರಡು ಟಿಕೆಟ್. ಅವೂ ಖಾಸಗಿ ಹವಾನಿಯಂತ್ರಿತ ದೋಣಿಯವಾದರೆ ಮೂರು ದಿನದ ಕೋಣೆ ಬಾಡಿಗೆಯನ್ನು ಮೀರಿಸಬಹುದು. ಒಂದೇ ದ್ವೀಪ ಆರಿಸಿಕೊಂಡು, ಸರ್ಕಾರಿ ಫೆರ್ರಿಯಲ್ಲಿ ಹೋಗಿ, ಅಲ್ಲೇ ಮೂರು ರಾತ್ರಿ ಇದ್ದು ಬಂದರೆ ಎಂಟೇ ಟಿಕೆಟ್, ಅದೂ ಬಹಳ ಕಡಿಮೆ ದರದ್ದು. ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದೂ ಓಡಿ ಓಡಿ ನೋಡಿದ ಮೂರು ದ್ವೀಪಗಳಿಗಿಂತ ಮೂರು ದಿನ ಆಡಿದ ಒಂದು ದ್ವೀಪವೇ.

ಅಲ್ಲಿಗೆ ಮುಟ್ಟುವುದು ಹೇಗೆಂಬುದು ದೊಡ್ಡ ಪ್ರಶ್ನೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. ಇನ್ನೊಂದು ದಾರಿ ಚೆನ್ನೈ, ಕೋಲ್ಕತ್ತ ಅಥವಾ ವಿಶಾಖಪಟ್ಟಣದಿಂದ ಸರ್ಕಾರಿ ಪ್ರಯಾಣಿಕ ಹಡಗು. ಚೆನ್ನೈಯಿಂದ ಸುಮಾರು 1,200 ಕಿ.ಮೀ., ಹೆಚ್ಚುಕಡಿಮೆ ಮೂರು ದಿನದ ಪಯಣ. ಹಡಗಿನಲ್ಲಿ ಕ್ಯಾಬಿನ್‌ಗಳೂ ಇವೆ, ಎಲ್ಲಕ್ಕಿಂತ ಅಗ್ಗವಾದ ಬಂಕ್ ದರ್ಜೆಯೂ ಇದೆ. ಬಂಕ್ ಎಂದರೆ ರೈಲಿನ ಸ್ಲೀಪರ್ ಬೋಗಿಯಂತೆ ಒಂದರ ಮೇಲೊಂದು ಹಾಸಿಗೆಗಳಿರುವ ದೊಡ್ಡ ಕೋಣೆ. ಹೊದಿಕೆ, ಚಾಪುಡಿ, ಕುರುಕಲು ತಿಂಡಿ, ವಾಂತಿ ತಡೆಯುವ ಮಾತ್ರೆ ಜೊತೆಗಿರಬೇಕು. ಮೊದಲ ದಿನ ಹೊಟ್ಟೆ ತೊಳಸಿ ಮಲಗಿದವರು ಎರಡನೆಯ ದಿನ ಮೇಲಿನ ಕಟ್ಟೆಗೆ ಬಂದು ಹಾರುಮೀನುಗಳನ್ನು ಎಣಿಸುತ್ತಾರೆ.

ಹಡಗು ಅಗ್ಗವೆಂದು ಎಲ್ಲರೂ ಅದನ್ನೇ ಹಿಡಿಯಬೇಕಿಲ್ಲ. ತಿಂಗಳಿಗೆ ಕೆಲವೇ ಬಾರಿ ಹೊರಡುತ್ತದೆ. ಹೊರಡುವ ದಿನವೂ ಹಿಂದೆ-ಮುಂದೆ ಆಗುತ್ತದೆ. ಹೋಗಲು ಮೂರು, ಬರಲು ಮೂರು ಎಂದರೆ ಆರು ದಿನ ನೀರಿನ ಮೇಲೆಯೇ ಕಳೆಯಿತು. ಪುಟ್ಟ ಮಕ್ಕಳಿರುವವರಿಗೆ, ಮೊಣಕಾಲು ನೋವಿನ ಅಜ್ಜ-ಅಜ್ಜಿಯರನ್ನು ಕರೆದೊಯ್ಯುವವರಿಗೆ ವಿಮಾನವೇ ಸರಿ. ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಮಾಡಿಸಿದರೆ ದರ ಕೈಗೆಟುಕುವಂತೆ ಇರುತ್ತದೆ. ಮನೆಯಲ್ಲಿ ಕೇಂದ್ರ ಸರ್ಕಾರಿ ನೌಕರರಿದ್ದರೆ ಎಲ್‌ಟಿಸಿ ಸೌಲಭ್ಯ ಅಂಡಮಾನಿಗೆ ಸಲ್ಲುತ್ತದೆಯೇ ಎಂದು ಕಚೇರಿಯಲ್ಲಿ ವಿಚಾರಿಸಲೇಬೇಕು. ಪರೀಕ್ಷೆ ಮುಗಿಸಿದ ಕಾಲೇಜು ಹುಡುಗರಿಗೆ, ಅದರಲ್ಲೂ ನಾಲ್ಕೈದು ಮಂದಿ ಕೂಡಿ ಹೊರಟವರಿಗೆ, ಹೋಗುವಾಗ ಹಡಗು ಬರುವಾಗ ವಿಮಾನ ಎಂಬ ಏರ್ಪಾಡು ಒಳ್ಳೆಯದು. ಸಮುದ್ರ ಎಷ್ಟು ದೊಡ್ಡದೆಂಬುದನ್ನು ಭೂಗೋಳದ ಪುಸ್ತಕಕ್ಕಿಂತ ಚೆನ್ನಾಗಿ ಆ ಮೂರು ದಿನಗಳು ಕಲಿಸುತ್ತವೆ.

ಇಷ್ಟೂ ಆಗದ ಮನೆಗಳಿವೆ. ಸಾಲ ಮಾಡಿ ಅಂಡಮಾನಿಗೆ ಹೋಗುವ ಅಗತ್ಯವೇನೂ ಇಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಿಬರಬಹುದಾದ ಸೇಂಟ್ ಮೇರೀಸ್ ದ್ವೀಪವಿದೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ತಣಿದ ಲಾವಾ ಅಲ್ಲಿ ಕಂಬಗಳಂತೆ ನಿಂತಿದೆ. ಮಳೆಗಾಲದಲ್ಲಿ ಮಾತ್ರ ದೋಣಿ ಇರುವುದಿಲ್ಲ. ತೆಂಗು, ಬಿಳಿ ಮರಳು, ಸುತ್ತ ಸಮುದ್ರ ಎಲ್ಲವೂ ಒಂದು ದಿನದ ಬುತ್ತಿ ಕಟ್ಟಿಕೊಂಡು ಹೋದವರಿಗೆ ದಕ್ಕುತ್ತವೆ. ಅಲ್ಲಿ ಹವಳದ ದಿಬ್ಬ ಇಲ್ಲ ಎಂಬುದೊಂದೇ ಕೊರತೆ.

ಅಂಡಮಾನಿಗೆ ಹೋಗುವುದೆಂದು ನಿಶ್ಚಯಿಸಿದವರು ಮುಂದೆ ನೋಡಬೇಕಾದದ್ದು ಕ್ಯಾಲೆಂಡರ್. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಅಲ್ಲಿ ಸಮುದ್ರ ಶಾಂತ. ಆದರೆ ಕ್ರಿಸ್‌ಮಸ್-ಹೊಸವರ್ಷದಲ್ಲಿ ಎಲ್ಲದರ ದರವೂ ಏರಿರುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ. ದಸರಾ ರಜೆಯಲ್ಲಿ ಹೋಗೋಣವೆಂದರೆ ಅಕ್ಟೋಬರ್ ಅಲ್ಲಿ ಮಳೆಯ ತಿಂಗಳು. ಉಳಿಯುವುದು ಬೇಸಿಗೆ ರಜೆ. ಇಲ್ಲೊಂದು ಎಚ್ಚರ ಬೇಕು. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರುವ ಮುಂಗಾರು ಅಂಡಮಾನ್ ಸಮುದ್ರವನ್ನು ಮೇ ಮೂರನೆಯ ವಾರದ ಹೊತ್ತಿಗೇ ಮುಟ್ಟಿರುತ್ತದೆ. 'ಮುಂಗಾರು ಅಂಡಮಾನ್ ಪ್ರವೇಶ' ಎಂದು ಪತ್ರಿಕೆಯಲ್ಲಿ ಓದಿ ಇಲ್ಲಿ ರೈತರು ಖುಷಿಪಡುವ ದಿನ ಅಲ್ಲಿ ಫೆರ್ರಿಗಳು ನಿಂತಿರಬಹುದು. ಶಾಲಾ ಮಕ್ಕಳಿರುವವರಿಗೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗಿನ ಮೂರು ವಾರವೇ ಸರಿಯಾದ ಕಾಲ. ಸೆಕೆಯನ್ನು ತಾಳಿಕೊಳ್ಳಬೇಕು ಅಷ್ಟೆ.

ಗಡಿಯಾರದ ಕಥೆಯೂ ಸ್ವಾರಸ್ಯಕರ. ಬೆಂಗಳೂರಿಗಿಂತ ಅಂಡಮಾನ್ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಭೂಮಿ 15 ಡಿಗ್ರಿ ತಿರುಗಲು ಒಂದು ಗಂಟೆ ಬೇಕೆಂದು ಏಳನೆಯ ತರಗತಿಯ ಮಗುವೂ ಬಲ್ಲದು. ಆದರೆ ಗಡಿಯಾರ ಎರಡೂ ಕಡೆ ಒಂದೇ. ಹೀಗಾಗಿ ಅಲ್ಲಿ ಬೆಳಗಿನ ಐದು ಗಂಟೆಗೆಲ್ಲ ಬೆಳಕು, ಸಂಜೆ ಐದೂವರೆ-ಆರಕ್ಕೆ ಕತ್ತಲು. ಎಂಟಕ್ಕೆ ಎದ್ದು, ತಿಂಡಿ ತಿಂದು, ಹತ್ತಕ್ಕೆ ಹೊರಡುವವರು ದಿನದ ಅರ್ಧ ಬೆಳಕನ್ನು, ಅದೂ ತಂಪಾದ ಅರ್ಧವನ್ನು, ಕಳೆದುಕೊಳ್ಳುತ್ತಾರೆ. ನಾಲ್ಕೂವರೆಗೆ ಎಬ್ಬಿಸಿದರೆ ಮಕ್ಕಳು ಗೊಣಗುವುದು ಮೊದಲ ದಿನ ಮಾತ್ರ.

ಪೋರ್ಟ್ ಬ್ಲೇರಿನಲ್ಲಿ ಅಬರ್ಡೀನ್ ಬಜಾರಿನ ಸುತ್ತಮುತ್ತ ಸಾಧಾರಣ ಲಾಡ್ಜುಗಳಿವೆ. ಇಡ್ಲಿ-ದೋಸೆಗೆ ಬರವಿಲ್ಲ, ಬಂಗಾಳಿ, ತಮಿಳು, ತೆಲುಗು, ಮಲಯಾಳಂ ಮನೆಮಾತಿನವರು ಬೆರೆತು ಬಾಳುವ ಊರು, ಎಲ್ಲರ ನಡುವಿನ ವ್ಯವಹಾರಕ್ಕೆ ಹಿಂದಿ. ಅಲ್ಲೇ ಹತ್ತಿರದ ಮೋಹನಪುರ ಬಸ್ ನಿಲ್ದಾಣದಿಂದ ಸರ್ಕಾರಿ ಬಸ್ಸುಗಳು ವಂಡೂರಿಗೆ, ಚಿಡಿಯಾ ಟಾಪುವಿಗೆ ಹೋಗುತ್ತವೆ. ದಿನಬಾಡಿಗೆ ಟ್ಯಾಕ್ಸಿ ಹಿಡಿದವರು ಹೋಗುವ ಜಾಗಗಳೂ ಇವೇ. ಹಿಂತಿರುಗುವ ಕೊನೆಯ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಂಡರೆ ಸಾಕು. ವಂಡೂರಿನಲ್ಲಿ 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಂದ ದೋಣಿಯಲ್ಲಿ ಹೋಗುವ ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಈ ಕಟ್ಟುನಿಟ್ಟು ನಮ್ಮ ಬೆಟ್ಟ-ಜಲಪಾತಗಳಿಗೂ ಬರಬಾರದೇ ಎಂದು ಅಲ್ಲಿ ನಿಂತವರಿಗೆ ಅನ್ನಿಸದಿರದು.

ಸೆಲ್ಯುಲರ್ ಜೈಲಿಗೆ ಮಾತ್ರ ಒಂದು ಇಡೀ ಮುಂಜಾನೆ ಕೊಡಬೇಕು. ಪ್ಯಾಕೇಜಿನವರು ಅದಕ್ಕೆ ಒಂದು ಗಂಟೆ ಕೊಡುತ್ತಾರೆ, ಅನ್ಯಾಯ. ಕೈದಿಗಳನ್ನು ಅಂಡಮಾನಿಗೆ ಸಾಗಿಸುವುದು ಶುರುವಾದದ್ದು 1857ರ ದಂಗೆಯ ಬೆನ್ನಿಗೆ. ಇನ್ನೂರು ಕೈದಿಗಳ ಮೊದಲ ತಂಡ 1858ರ ಮಾರ್ಚಿನಲ್ಲಿ ಇಲ್ಲಿಗೆ ಬಂದಿಳಿಯಿತು. ಜೈಲು ಕಟ್ಟಿದ್ದು ಬಹಳ ತಡವಾಗಿ, 1896ರಿಂದ 1906ರ ನಡುವೆ. ಸೈಕಲ್ ಚಕ್ರದ ಕಡ್ಡಿಗಳಂತೆ ನಡುವಿನ ಗೋಪುರದಿಂದ ಹೊರಟ ಏಳು ಬಾಹುಗಳು, ಮೂರು ಅಂತಸ್ತು, ಏಳುನೂರಕ್ಕೆ ತುಸು ಕಡಿಮೆ ಕೋಣೆಗಳು. ಪ್ರತಿ ಕೋಣೆ ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ. ಒಂದು ಬಾಹುವಿನ ಮುಂಭಾಗ ಇನ್ನೊಂದರ ಹಿಂಗೋಡೆಯನ್ನು ನೋಡುವಂತೆ ಕಟ್ಟಲಾಗಿದೆ. ಅಂದರೆ ಒಬ್ಬ ಕೈದಿ ಇನ್ನೊಬ್ಬನ ಮುಖ ಕಾಣಬಾರದು. ಜೈಲಿನ ಹೆಸರೇ ಹೇಳುವಂತೆ ಕೋಣೆಯೇ ಶಿಕ್ಷೆ.

ಕರಿನೀರಿನ ಶಿಕ್ಷೆ ಎಂದು ಹಿರಿಯರು ಹೇಳುತ್ತಿದ್ದ ಮಾತಿನ ಅರ್ಥ ಅಲ್ಲಿನ ಗಾಣದ ಮುಂದೆ ತಿಳಿಯುತ್ತದೆ. ಎತ್ತಿನಂತೆ ಗಾಣ ಸುತ್ತಿ ದಿನಕ್ಕೆ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋ, ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು. ಕಡಿಮೆಯಾದರೆ ಚಡಿಯೇಟು. ಸಾವರ್ಕರ್ 1911ರಿಂದ 1921ರವರೆಗೆ ಇದ್ದದ್ದು ಇಲ್ಲೇ. 1933ರಲ್ಲಿ ರಾಜಕೀಯ ಕೈದಿಗಳು ಉಪವಾಸ ಹೂಡಿದಾಗ ಬಲವಂತವಾಗಿ ಆಹಾರ ಇಳಿಸಲು ಹೋಗಿ ಮೂವರು ಸತ್ತರು. ಅವರಲ್ಲೊಬ್ಬರು ಭಗತ್ ಸಿಂಗರ ಸಂಗಾತಿ ಮಹಾವೀರ್ ಸಿಂಗ್. ಇನ್ನಿಬ್ಬರು ಮೋಹಿತ್ ಮೈತ್ರ ಮತ್ತು ಮೋಹನ್ ಕಿಶೋರ್ ನಾಮದಾಸ್. ಏಳು ಬಾಹುಗಳಲ್ಲಿ ಇಂದು ಉಳಿದಿರುವುದು ಮೂರು. ಕಟ್ಟಡ 1979ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಪ್ರವೇಶಕ್ಕೆ ತೆರಬೇಕಾದದ್ದು ಅತ್ಯಲ್ಪ. ಇತಿಹಾಸದಲ್ಲಿ ಇಸವಿ ನೆನಪಿರುವುದಿಲ್ಲ ಎಂದು ದೂರುವ ಮಗುವನ್ನು ಒಂದು ಖಾಲಿ ಕೋಣೆಯೊಳಗೆ ಕಳಿಸಿ, ಎತ್ತರದ ಪುಟ್ಟ ಗವಾಕ್ಷಿಯಿಂದ ಏನು ಕಾಣುತ್ತದೆ ಎಂದು ಕೇಳಿದರೆ ಸಾಕು. ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮಕ್ಕೆ ಬೇರೆ ಟಿಕೆಟ್. ಹಣ ಬಿಗಿಯಿದ್ದರೆ ಅದನ್ನು ಬಿಟ್ಟರೂ ನಷ್ಟವಿಲ್ಲ.

ಇನ್ನು ಆ ಒಂದು ದ್ವೀಪ ಯಾವುದಾಗಬೇಕು? ಹ್ಯಾವ್‌ಲಾಕ್ ಹೆಸರುವಾಸಿ. ಅಲ್ಲಿನ ರಾಧಾನಗರ ಕಡಲತೀರವನ್ನು ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದಲ್ಲೇ ಅತ್ಯುತ್ತಮ ಎಂದು ಬರೆದ ಮೇಲೆ ಜನಸಂದಣಿಯೂ ಹೆಚ್ಚಿತು, ಕೋಣೆಗಳ ದರವೂ ಏರಿತು. ತೀರ ನಿಜಕ್ಕೂ ಚೆಂದ, ಈಜಲೂ ಅನುಕೂಲ. ಆದರೆ ಹೆಚ್ಚಿನ ಹೋಟೆಲುಗಳಿರುವುದು ಪೂರ್ವದ ದಂಡೆಯಲ್ಲಿ. ಅಲ್ಲಿ ಇಳಿತದ ಹೊತ್ತು ಸಮುದ್ರ ಬಹುದೂರ ಹಿಂದಕ್ಕೆ ಸರಿದು ಕಲ್ಲು-ಕೆಸರು ಕಾಣುತ್ತದೆ. ದುಬಾರಿ ಕೋಣೆ ಹಿಡಿದು ಕಿಟಕಿ ತೆರೆದವರಿಗೆ ಮೋಸ ಹೋದಂತೆ ಭಾಸವಾಗುವುದುಂಟು.

ಕಡಿಮೆ ಖರ್ಚಿನ ಕುಟುಂಬಕ್ಕೆ ನೀಲ್ ಲೇಸು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಈ ದ್ವೀಪಗಳಲ್ಲಿ ಸರ್ಕಾರ ನೆಲೆಗೊಳಿಸಿತು. ಕಾಡು ಕಡಿದು ಗದ್ದೆ ಮಾಡಿದ ಆ ಜನ ತಮ್ಮ ಹಳ್ಳಿಗಳಿಗೆ ರಾಮಾಯಣದ ಹೆಸರಿಟ್ಟರು: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಪೋರ್ಟ್ ಬ್ಲೇರಿನ ಮಾರುಕಟ್ಟೆಗೆ ತರಕಾರಿ ಹೋಗುವುದು ಇಲ್ಲಿಂದ. ಒಂದು ತುದಿಯಿಂದ ಇನ್ನೊಂದಕ್ಕೆ ಏಳೆಂಟು ಕಿ.ಮೀ. ಮೀರದ ಈ ದ್ವೀಪವನ್ನು ಬಾಡಿಗೆ ಸೈಕಲ್ಲಿನಲ್ಲೇ ಸುತ್ತಬಹುದು. ಸೀತಾಪುರದಲ್ಲಿ ಸೂರ್ಯೋದಯ, ಭರತಪುರದಲ್ಲಿ ಸ್ನಾನ, ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ನಡುವೆ ಬಾಳೆತೋಟ, ಗದ್ದೆ, ರಸ್ತೆ ಬದಿಯ ಎಳನೀರು. ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಪಲ್ಯ, ತಿನ್ನುವವರಿಗೆ ಮೀನು. ಊರಲ್ಲಿ ಬೆಳೆದದ್ದು, ಕಡಲಲ್ಲಿ ಹಿಡಿದದ್ದು ಅಗ್ಗ. ಬಾಟಲಿ ನೀರು, ಬಿಸ್ಕತ್ತು, ಪನೀರ್ ಎಲ್ಲ ಹಡಗಿನಲ್ಲಿ ಬರಬೇಕಾದ್ದರಿಂದ ತುಟ್ಟಿ.

ಲಕ್ಷ್ಮಣಪುರದ ಎರಡನೆಯ ತೀರದಲ್ಲಿ ಸಮುದ್ರವೇ ಕೊರೆದ ಒಂದು ಕಲ್ಲಿನ ಸೇತುವೆಯಿದೆ. ಬಂಗಾಳಿಗಳು ಅದನ್ನು ಹೌರಾ ಸೇತುವೆ ಎಂದು ತಮಾಷೆಗೆ ಕರೆದದ್ದು ಹಾಗೇ ಉಳಿದಿದೆ. ಅದರ ಬುಡಕ್ಕೆ ನಡೆದು ಹೋಗಲು ಇಳಿತವೇ ಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಇಂದು ಬೆಳಿಗ್ಗೆ ಐದಕ್ಕೆ ನೀರು ಇಳಿದಿದ್ದರೆ ನಾಳೆ ಆರರ ಹತ್ತಿರ. ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ದೂರ ಸರಿಯುತ್ತದೆ. ಹಾಗಾಗಿ ಪ್ರವಾಸದ ದಿನ ಗೊತ್ತುಮಾಡುವ ಮುಂಚೆ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ಮಗುವಿನ ಕೈಗೆ ಕೊಟ್ಟು ಹುಣ್ಣಿಮೆ ಎಂದು ಬರುತ್ತದೆ ನೋಡೆಂದರೆ ಅರ್ಧ ಕೆಲಸವಾಯಿತು. ಸರಿಯಾದ ಹೊತ್ತನ್ನು ಅಲ್ಲಿನ ಮೀನುಗಾರರು ಹೇಳುತ್ತಾರೆ. ನೀರು ಇಳಿದ ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ಸಮುದ್ರ ಸೌತೆ, ಬಣ್ಣದ ಪುಟ್ಟ ಮೀನು, ಬಾಯಿ ತೆರೆದ ದೊಡ್ಡ ಚಿಪ್ಪುಜೀವಿ ಎಲ್ಲ ಕಾಣುತ್ತವೆ. ನೀರಿಗೆ ಧುಮುಕದೆ, ಸ್ಕೂಬಾಕ್ಕೆ ಹಣ ತೆರದೆ ನೋಡಬಹುದಾದ ಪ್ರಾಣಿಸಂಗ್ರಹಾಲಯ ಇದು. ಹಿಡಿತವಿರುವ ಚಪ್ಪಲಿ ಬೇಕು. ಮುಟ್ಟಬಾರದು, ಹವಳದ ಮೇಲೆ ಕಾಲಿಡಬಾರದು. ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಹತ್ತಿರ. 2010ರಲ್ಲಿ ಸಮುದ್ರ ಅತಿಯಾಗಿ ಬಿಸಿಯಾದಾಗ ಇಲ್ಲಿನ ಹವಳಗಳು ಬಿಳಿಚಿಕೊಂಡು ಬಹಳಷ್ಟು ಸತ್ತವು. ಉಳಿದದ್ದರ ಮೇಲೆ ಪ್ರವಾಸಿಗರ ಹಿಮ್ಮಡಿಯೂ ಬೀಳಬೇಕೇ?

ಸರ್ಕಾರಿ ಫೆರ್ರಿಗಳಲ್ಲಿ ದ್ವೀಪವಾಸಿಗಳಿಗೆ ಆದ್ಯತೆಯಿದೆ. ಆಸ್ಪತ್ರೆಗೆ, ಕಾಲೇಜಿಗೆ, ಕೋರ್ಟಿಗೆ ಅವರು ಹೋಗಬೇಕಾದದ್ದು ಅದರಲ್ಲೇ. ಆದ್ದರಿಂದ ಅದು ನ್ಯಾಯವೇ. ಪ್ರವಾಸಿಗರು ಸಾಧ್ಯವಾದಷ್ಟು ಮುಂಚೆ ಟಿಕೆಟ್ ಮಾಡಿಸಬೇಕು, ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಖಾಸಗಿ ದೋಣಿ ಒಂದೂವರೆ ಗಂಟೆಯಲ್ಲಿ ಮುಟ್ಟಿಸುವುದನ್ನು ಫೆರ್ರಿ ಎರಡೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಖಾಸಗಿ ದೋಣಿಗಳಲ್ಲಿ ಹೆಚ್ಚಾಗಿ ಗಾಜಿನೊಳಗೆ ಕುಳಿತೇ ಹೋಗಬೇಕು. ಫೆರ್ರಿಯ ಮೇಲ್ಗಟ್ಟೆಯಲ್ಲಿ ಗಾಳಿಯೂ ಉಂಟು, ಕೋಳಿಬುಟ್ಟಿಯ ಪಕ್ಕ ಕುಳಿತ ಅಜ್ಜಿಯ ಮಾತೂ ಉಂಟು.

ಉಳಿತಾಯ ಮಾಡಬಾರದ ಕಡೆಯೂ ಕೆಲವಿವೆ. ಈಜು ಬಾರದ ಮಕ್ಕಳು ದೋಣಿಯಲ್ಲಿ, ಸ್ನಾರ್ಕೆಲ್ ಮಾಡುವಾಗ ಅಳತೆಗೆ ಸರಿಹೊಂದುವ ಜೀವರಕ್ಷಕ ಜಾಕೆಟ್ ತೊಡಲೇಬೇಕು. ಅಗ್ಗಕ್ಕೆ ಕರೆದೊಯ್ಯುತ್ತೇನೆ ಎನ್ನುವವನ ಬಳಿ ಅದಿಲ್ಲವಾದರೆ ಆ ದೋಣಿ ಬೇಡ. ಈ ದ್ವೀಪಗಳ ಹಿನ್ನೀರುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಹ್ಯಾವ್‌ಲಾಕಿನಲ್ಲಿ 2010ರಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆ ಫಲಕವಿರುವ ಕಡೆ, ಹಳ್ಳಗಳು ಕಡಲು ಸೇರುವ ಕಡೆ, ಮುಸ್ಸಂಜೆಯಲ್ಲಿ ನೀರಿಗಿಳಿಯುವುದು ಧೈರ್ಯವಲ್ಲ, ಹುಂಬತನ. ಮರಳಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ನೊಣಗಳೂ ಕಚ್ಚುತ್ತವೆ. ಕೆರೆದುಕೊಂಡರೆ ವಾರಗಟ್ಟಲೆ ಉರಿ. ಕಾಲಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿ, ಬರಿಯ ಮರಳಿನ ಬದಲು ಚಾಪೆಯ ಮೇಲೆ ಕುಳಿತರೆ ಕಾಟ ಕಡಿಮೆ.

ಸತ್ತ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವ ಆಸೆ ಎಲ್ಲ ಮಕ್ಕಳಿಗೂ ಹುಟ್ಟುತ್ತದೆ, ಎಷ್ಟೋ ಅಪ್ಪಂದಿರಿಗೂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುವುದೂ ಖಂಡಿತ. ಬಾರಾಟಾಂಗಿಗೆ ಹೋಗುವ ರಸ್ತೆ ಜಾರವಾ ಜನರ ಮೀಸಲು ಅರಣ್ಯವನ್ನು ಹಾದು ಹೋಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು, ಫೋಟೋ ತೆಗೆಯುವುದು, ಅವರಿಗೆ ತಿನಿಸು ಕೊಡುವುದು ಎಲ್ಲವೂ ನಿಷಿದ್ಧ. ಸುಣ್ಣಕಲ್ಲಿನ ಗುಹೆ ನೋಡುವ ನೆಪದಲ್ಲಿ 'ಜಾರವಾಗಳನ್ನೂ ತೋರಿಸುತ್ತೇವೆ' ಎಂದು ಪಿಸುಗುಟ್ಟುವವರ ಗಾಡಿ ಹತ್ತದಿರುವುದೇ ಮೇಲು. ಮನುಷ್ಯರು ನೋಡುವ ವಸ್ತುಗಳಲ್ಲ. ಆ ಒಂದು ದಿನ, ಆ ಹಣ ಎರಡೂ ಉಳಿದರೆ ಪೋರ್ಟ್ ಬ್ಲೇರ್ ಎದುರಿನ ರಾಸ್ ದ್ವೀಪಕ್ಕೆ ಹೋಗಿಬರಬಹುದು. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ, 1941ರ ಭೂಕಂಪದಲ್ಲಿ ಜಖಂಗೊಂಡ ಅಲ್ಲಿನ ಬಂಗಲೆ-ಇಗರ್ಜಿಗಳ ಗೋಡೆಗಳನ್ನು ಈಗ ಆಲದ ಜಾತಿಯ ಮರಗಳ ಬೇರುಗಳೇ ಹಿಡಿದು ನಿಲ್ಲಿಸಿವೆ. ಜಿಂಕೆಗಳು ಕೈಗೆಟುಕುವಷ್ಟು ಹತ್ತಿರ ಅಡ್ಡಾಡುತ್ತವೆ.

ದಿನಗಳ ಲೆಕ್ಕ ಹಾಕುವಾಗ ಒಂದನ್ನು ಮರೆಯಬಾರದು. ಹಿಂತಿರುಗುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ತಂಗಬೇಕು. ಗಾಳಿ ಎದ್ದರೆ ಫೆರ್ರಿ ಹೊರಡುವುದಿಲ್ಲ, ವಿಮಾನ ಯಾರಿಗೂ ಕಾಯುವುದಿಲ್ಲ. ನಾಲ್ವರ ಟಿಕೆಟ್ ಹೋದರೆ ಇಡೀ ಪ್ರವಾಸದಲ್ಲಿ ಉಳಿಸಿದ್ದೆಲ್ಲ ಒಂದೇ ದಿನದಲ್ಲಿ ಹೋದಂತೆ. ಗಾಳಿ ಏಳದೆ ಆ ದಿನ ಬಿಡುವಾಗಿಯೇ ಉಳಿದರೆ ಚಾಥಮ್‌ನ ಸರ್ಕಾರಿ ಮರದ ಮಿಲ್ಲು ಇದೆ, 1883ರಷ್ಟು ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಬಾಂಬು ಬಿದ್ದ ಗುಂಡಿಯನ್ನು ಅಲ್ಲಿ ಇಂದಿಗೂ ಮುಚ್ಚದೆ ಇಟ್ಟಿದ್ದಾರೆ. ಅಬರ್ಡೀನ್ ಬಜಾರಿನಿಂದ ಅಲ್ಲಿಗೂ ಸಿಟಿ ಬಸ್ಸು ಸಿಗುತ್ತದೆ.